15,349 ಕಿಲೋಮೀಟರ್ ಅಂತ ತೋರಿಸ್ತು, ಆದ್ರೆ ವಿಮಾನ ಆ ದಾರೀಲಿ ಹೋಗ್ಲೇ ಇಲ್ಲ

ಬುಧವಾರ, ಸಿಂಗಪುರ

ಚಾಂಗಿ ಏರ್‌ಪೋರ್ಟಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ 15,349 ಕಿ.ಮೀ., ಟೈಮು 18 ಗಂಟೆ ಚಿಲ್ಲರೆ. ಫೋನಲ್ಲಿ ಹುಡುಕಿದ್ರೆ ಬರೋದು ಈ ಎರಡೇ ನಂಬರು. ನಂಗೆ ಅಷ್ಟು ಸಾಕಿತ್ತು, ಭಾವಂಗೆ ಸಾಕಾಗ್ಲಿಲ್ಲ. ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರಾಗಿದ್ದು ರಿಟೈರ್ ಆದೋರು, ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ನಂಬ್ಕೊಂಡು ಬದುಕಿದ ಮನುಷ್ಯ. "ದೂರ ಅಂದ್ಮೇಲೆ ಯಾರೋ ಅಳ್ದಿರ್ಬೇಕಲ್ಲಯ್ಯಾ, ಆಕಾಶದಲ್ಲಿ ಚೈನ್ ಹಿಡ್ಕೊಂಡು ಹೋದೋರು ಯಾರು?" ಅಂತ ಶುರು ಮಾಡಿದ್ರು.

ಅಕ್ಕ ತಿಂಗಳ ಮುಂಚೇನೇ ಮಗಳ ಹತ್ರ ನ್ಯೂಯಾರ್ಕಿಗೆ ಹೋಗಿದ್ಳು, ಹುಡುಗಿ ಗ್ರಾಜುಯೇಷನ್ ಮೇ ತಿಂಗಳಲ್ಲಿ. ನಾನು ಕೆಲ್ಸದ ಮೇಲೆ ಸಿಂಗಪುರದಲ್ಲಿರೋದ್ರಿಂದ ಭಾವ ಇಲ್ಲಿಗೆ ಬಂದು, ಇಲ್ಲಿಂದ ಇಬ್ರೂ ಒಟ್ಟಿಗೆ ನಾನ್‌ಸ್ಟಾಪ್ ಹೋಗೋದು ಅಂತ ಪ್ಲಾನು. ಟಿಕೆಟ್ ಬುಕ್ ಮಾಡಿದ್ದು ನಾನಾದ್ರೂ ದಾರಿ ಓದ್ಕೊಂಡು ಬಂದಿದ್ದು ಅವ್ರು.

ರಾತ್ರಿ ಊಟ ಆದ್ಮೇಲೆ ಒಂದು ಹಾಳೆ ಕೇಳಿದ್ರು. ಚಾಂಗಿ ಉತ್ತರ ಅಕ್ಷಾಂಶ 1.4, ಜೆಎಫ್‌ಕೆ 40.6. ರೇಖಾಂಶ ನೋಡಿದ್ರೆ ಒಂದು ಪೂರ್ವಕ್ಕೆ 104, ಇನ್ನೊಂದು ಪಶ್ಚಿಮಕ್ಕೆ 74, ಎರಡೂ ಸೇರಿಸಿದ್ರೆ 178. ಅಂದ್ರೆ ಭೂಮಿಯ ಈ ಬೆನ್ನಿಗೊಂದು ಆ ಬೆನ್ನಿಗೊಂದು, ಹೆಚ್ಚು ಕಮ್ಮಿ ನೇರ ಎದುರುಬದುರು. ಹಾಗಾಗಿ ಅತಿ ಹತ್ತಿರದ ದಾರಿ ಪೂರ್ವಕ್ಕೂ ಅಲ್ಲ ಪಶ್ಚಿಮಕ್ಕೂ ಅಲ್ಲ, ಸೀದಾ ಉತ್ತರಕ್ಕೆ ಧ್ರುವದ ತನಕ ಹತ್ತಿ ಆ ಕಡೆ ಇಳಿಯೋದು. ಇಲ್ಲಿಂದ ಧ್ರುವಕ್ಕೆ 88.6 ಡಿಗ್ರಿ, ಅಲ್ಲಿಂದ ನ್ಯೂಯಾರ್ಕಿಗೆ 49.4, ಒಟ್ಟು 138. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ (ಪೈಲಟ್‌ಗಳು ಹಡಗಿನೋರು ಇವತ್ತಿಗೂ ಆ ಮೈಲಿ ಬಿಟ್ಟಿಲ್ಲ, ಯಾಕಂದ್ರೆ ಅಕ್ಷಾಂಶದ ಒಂದು ಮಿನಿಟು, ಅಂದ್ರೆ ಡಿಗ್ರಿಯ ಅರವತ್ತರಲ್ಲೊಂದು ಪಾಲು, ಒಂದು ಮೈಲಿ, ಲೆಕ್ಕ ಬಾಯಲ್ಲೇ ಆಗೋಗತ್ತೆ), 138 ಇಂಟು 60 ಅಂದ್ರೆ 8,280, ಅದನ್ನ 1.852ರಿಂದ ಗುಣಿಸಿದ್ರೆ 15,335 ಕಿ.ಮೀ. ಫೋನ್ ಹೇಳಿದ್ದಕ್ಕೂ ಇದಕ್ಕೂ ಹದಿನಾಲ್ಕೇ ಕಿಲೋಮೀಟರ್ ವ್ಯತ್ಯಾಸ. "ಭೂಮಿ ಪೂರ್ತಿ ದುಂಡಗಿಲ್ಲ, ಅದಕ್ಕೆ ಅಷ್ಟು ಬಿಟ್ಬಿಡು" ಅಂದ್ರು, ರಸ್ತೆ ಎಸ್ಟಿಮೇಟಲ್ಲಿ ಬಿಡೋ ಥರಾನೇ.

ಆಮೇಲೆ ಬೆರಳಲ್ಲಿ ಆ ಗೆರೆ ಎಳೆದು ತೋರಿಸಿದ್ರು, ಚೀನಾ, ಮಂಗೋಲಿಯಾ, ಬೈಕಲ್ ಸರೋವರದ ಹತ್ರ, ಸೈಬೀರಿಯಾ, ಉತ್ತರ ಧ್ರುವಕ್ಕೆ 300 ಕಿ.ಮೀ. ಒಳಗೆ ಹಾದು ಕೆನಡಾದ ಹಿಮದ ದ್ವೀಪಗಳು, ಕೊನೇಗೆ ಮಾಂಟ್ರಿಯಲ್ ಹತ್ರ ಇಳಿದು ನ್ಯೂಯಾರ್ಕು. ಕಿಟಕಿ ಸೀಟು ಅವ್ರೇ ಇಟ್ಕೊಂಡಿದ್ದು ಇದಕ್ಕೆ ಅಂತ ಆಗ ಗೊತ್ತಾಯ್ತು. ಧ್ರುವದ ಹಿಮ ನೋಡ್ಬೇಕಿತ್ತು ಅವ್ರಿಗೆ.

ಗುರುವಾರ, 36 ಗಂಟೆ ಇದ್ದ ದಿನ

ಮಧ್ಯಾಹ್ನ ಹನ್ನೆರಡು ದಾಟಿದ್ಮೇಲೆ ಹೊರಟ್ವಿ. ವಿಮಾನ ಸಿಂಗಪುರ್ ಏರ್‌ಲೈನ್ಸಿನ ಏರ್‌ಬಸ್ ಎ350-900, ಅದ್ರಲ್ಲೂ ಯುಎಲ್‌ಆರ್, ಅಂದ್ರೆ ವಿಪರೀತ ದೂರಕ್ಕೆ ಅಂತಾನೇ ಮಾಡಿದ್ದು. ಒಳಗೆ ಬರೀ 161 ಸೀಟು, ಬಿಸಿನೆಸ್ಸಲ್ಲಿ 67, ಪ್ರೀಮಿಯಂ ಎಕಾನಮಿಯಲ್ಲಿ 94, ಸಾದಾ ಎಕಾನಮಿ ಅನ್ನೋದೇ ಇಲ್ಲ. ದುಡ್ಡಿದ್ದೋರಿಗೆ ಮಾತ್ರ ಅಂತ ಹಾಗೆ ಮಾಡಿದಾರೆ ಅಂತ ನಾನು ಅಂದ್ಕೊಂಡಿದ್ದೆ, ಸ್ವಲ್ಪ ಅದೂ ಇರಬಹುದು, ಆದ್ರೆ ಮೂಲ ಕಾರಣ ತೂಕ. ಟ್ಯಾಂಕಲ್ಲಿ 1,65,000 ಲೀಟರ್ ತನಕ ಇಂಧನ ಹಿಡಿಯತ್ತೆ, ಅಂದ್ರೆ ಸುಮಾರು 130 ಟನ್, ವಿಮಾನ ಎತ್ತಬಹುದಾದ ಒಟ್ಟು ತೂಕಾನೇ 280 ಟನ್. "ಅರ್ಧಕ್ಕರ್ಧ ಸೀಮೆಎಣ್ಣೆ ಹೊತ್ಕೊಂಡು ಹೋಗ್ತಿದೀವಿ ಅನ್ನು" ಅಂದ್ರು ಭಾವ. ಸುಳ್ಳೇನಲ್ಲ, ಜೆಟ್ ಫ್ಯೂಯಲ್ ಅಂದ್ರೆ ಶುದ್ಧ ಮಾಡಿದ ಸೀಮೆಎಣ್ಣೇನೇ. ತಮಾಷೆ ಅಂದ್ರೆ ಮೊದಲ ಕೆಲವು ಗಂಟೆ ಸುಡೋ ಇಂಧನದಲ್ಲಿ ದೊಡ್ಡ ಪಾಲು ಹೋಗೋದು ಉಳಿದ ಇಂಧನವನ್ನ ಹೊರೋದಕ್ಕೇನೆ, ಅದಕ್ಕೇ ಒಂದೇ ಸಲ ಮೇಲಕ್ಕೆ ಹೋಗಲ್ಲ, ಹಗುರ ಆದ ಹಾಗೆ ಒಂದೊಂದು ಮೆಟ್ಟಿಲು ಹತ್ತತ್ತೆ, ಸ್ಕ್ರೀನಲ್ಲಿ ಎತ್ತರದ ನಂಬರು ನೋಡ್ತಾ ಇದ್ರೆ ಕಾಣತ್ತೆ.

ಇದೇ ಕಂಪನಿ 2004ರಲ್ಲಿ ಪಕ್ಕದ ನ್ಯೂವಾರ್ಕ್ ಏರ್‌ಪೋರ್ಟಿಗೆ ನಾಲ್ಕು ಎಂಜಿನ್ನಿನ ಎ340-500 ಹಾರಿಸ್ತಿತ್ತು, ಇಂಧನದ ಖರ್ಚು ತಡೀಲಾರದೆ 2013ರಲ್ಲಿ ನಿಲ್ಲಿಸಿ, ಎರಡೇ ಎಂಜಿನ್ನಿನ ಈ ವಿಮಾನ ಬಂದ್ಮೇಲೆ 2018ರ ಅಕ್ಟೋಬರಲ್ಲಿ ಮತ್ತೆ ಶುರು ಮಾಡ್ತು. ಅಂದ್ರೆ ಈ ದೂರ ಹಾರೋದು ಸಾಧ್ಯವಾ ಅನ್ನೋ ಪ್ರಶ್ನೆ ಎಂದೋ ಮುಗಿದಿತ್ತು, ಗಿಟ್ಟತ್ತಾ ಅನ್ನೋದೇ ಉಳಿದಿದ್ದು.

ಮೇಲಕ್ಕೆ ಹೋಗಿ ಅರ್ಧ ಗಂಟೇಲಿ ಭಾವನ ಮುಖ ಸಪ್ಪಗಾಯ್ತು. ಮ್ಯಾಪಲ್ಲಿ ವಿಮಾನ ಉತ್ತರಕ್ಕೆ ಹೋಗದೆ ಈಶಾನ್ಯಕ್ಕೆ ವಾಲಿತ್ತು, ದಕ್ಷಿಣ ಚೀನಾ ಸಮುದ್ರ, ಆಮೇಲೆ ತೈವಾನ್ ಕಡೆ, ಆಮೇಲೆ ಜಪಾನ್ ಕಡೆ. "ಇದೇನಯ್ಯಾ ಇವ್ನು ಸುತ್ಕೊಂಡು ಹೋಗ್ತಿದಾನೆ." ಪೆಸಿಫಿಕ್ ಮೇಲೆ ಹೋದ್ರೆ 16,000 ಕಿ.ಮೀ. ಮೇಲಾಗತ್ತೆ, ಸಾವಿರ ಕಿಲೋಮೀಟರ್ ಸುಮ್ಸುಮ್ನೆ ಜಾಸ್ತಿ ಯಾಕೆ ಹೋಗ್ತಾರೆ ಅಂತ ಅವ್ರ ಪ್ರಶ್ನೆ. ಕಾಫಿ ಕೊಡಕ್ಕೆ ಬಂದ ಹುಡುಗೀನೂ ಬಿಡ್ಲಿಲ್ಲ, ಅವಳು ನಕ್ಕು ಒಂದೇ ಮಾತಲ್ಲಿ ಹೇಳಿದ್ಳು, ಗಾಳಿ ಸಾರ್ ಅಂತ.

ಗಾಳಿ ಅಂದ್ರೆ ಜೆಟ್ ಸ್ಟ್ರೀಮು. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯೋ ಗಾಳಿಯ ಹೊಳೆ, ಜೋರಿದ್ದಾಗ ಗಂಟೆಗೆ 200 ಕಿ.ಮೀ. ದಾಟತ್ತೆ. ಜಪಾನಿನ ಮೇಲೆ ಅದರ ಆರ್ಭಟ ಜಾಸ್ತಿ, ಅದನ್ನ ಮೊದಲು ಅಳೆದದ್ದೂ ಜಪಾನಿನೋರೇ, ವಾಸಾಬುರೋ ಓಯಿಶಿ ಅನ್ನೋ ಹವಾಮಾನ ವಿಜ್ಞಾನಿ, 1920ರ ದಶಕದಲ್ಲಿ, ಬಲೂನ್ ಬಿಟ್ಟು ಬಿಟ್ಟು. ಪಾಪ ಆ ಮನುಷ್ಯ ಜಗತ್ತಿಗೆಲ್ಲ ಅರ್ಥ ಆಗ್ಲಿ ಅಂತ ತನ್ನ ವರದೀನ ಎಲ್ಲ ದೇಶದೋರಿಗೂ ಅಂತ ಹುಟ್ಟಿಸಿದ ಎಸ್ಪೆರಾಂಟೋ ಅನ್ನೋ ಕೃತಕ ಭಾಷೇಲಿ ಬರೆದ, ಹಾಗಾಗಿ ಜಗತ್ತಲ್ಲಿ ಯಾರೂ ಓದ್ಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್‌ಗಳು ಜಪಾನಿನ ಮೇಲೆ ಹೋಗಿ ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗ ಎಲ್ರಿಗೂ ಗೊತ್ತಾಯ್ತು.

ನಮ್ಮ ಸ್ಕ್ರೀನಲ್ಲಿ ಜಪಾನ್ ದಾಟಿದ್ಮೇಲೆ ಗ್ರೌಂಡ್ ಸ್ಪೀಡು, ಅಂದ್ರೆ ನೆಲಕ್ಕೆ ಹೋಲಿಸಿದ್ರೆ ಇರೋ ವೇಗ, ಗಂಟೆಗೆ 1,050 ಕಿ.ಮೀ. ಮೇಲೆ ಹೋಯ್ತು. ಹೊರಗೆ ಮೈನಸ್ 50 ಚಿಲ್ಲರೆ. ಅಷ್ಟು ಚಳೀಲಿ ಶಬ್ದದ ವೇಗಾನೇ ಹೆಚ್ಚು ಕಮ್ಮಿ 1,070, "ಹಂಗಾದ್ರೆ ನಾವು ಶಬ್ದದಷ್ಟೇ ಫಾಸ್ಟಾ?" ಅಂದ್ರು ಭಾವ. ಇಲ್ಲ, ವಿಮಾನಕ್ಕೆ ಲೆಕ್ಕ ಇರೋದು ಸುತ್ತ ಇರೋ ಗಾಳಿಗೆ ಹೋಲಿಸಿದ್ರೆ ಎಷ್ಟು ಅನ್ನೋದು, ಆ ಲೆಕ್ಕದಲ್ಲಿ ಅದು ಎಂದಿನ 900ರಲ್ಲೇ ಇದೆ, ಮಿಕ್ಕಿದ್ದೆಲ್ಲ ಗಾಳಿ ಹೊತ್ಕೊಂಡು ಹೋಗ್ತಿರೋದು. ಇಂಜಿನಿಯರ್ ತಾನೇ, ಇಷ್ಟು ಕೇಳಿದ್ಮೇಲೆ ಮುಂದಿನದು ಅವ್ರೇ ಮಾಡ್ಕೊಂಡ್ರು: ಎದುರುಗಾಳಿ ಇರೋ 15,000ಕ್ಕಿಂತ ಬೆನ್ನ ಹಿಂದೆ ಗಾಳಿ ಇರೋ 16,000 ಬೇಗ ಮುಗಿಯತ್ತೆ, ಎಣ್ಣೇನೂ ಕಮ್ಮಿ ಕುಡಿಯತ್ತೆ. ಗಾಳಿ ನೋಡ್ಕೊಂಡು ದಾರೀನ ದಿನಾ ಹೊಸದಾಗಿ ಹಾಕ್ತಾರೆ, ನಿನ್ನೆ ಹೋದ ಗೆರೇಲಿ ಇವತ್ತು ಹೋಗ್ಬೇಕು ಅಂತೇನಿಲ್ಲ. ಇದು ಮಾತ್ರ ಅವ್ರಿಗೆ ಅರಗಿಸ್ಕೊಳ್ಳಕ್ಕೆ ಕಷ್ಟ ಆಯ್ತು. ಡಾಂಬರ್ ಹಾಕಿದ್ಮೇಲೆ ರಸ್ತೆ ಅಲ್ಲೇ ಇರ್ಬೇಕು ಅವ್ರಿಗೆ.

ಧ್ರುವದ ಮೇಲೆ ಹೋಗಕ್ಕೆ ಬೇರೆ ತಾಪತ್ರಯಗಳೂ ಇವೆ. ಯಾವ ದೇಶದ ಆಕಾಶ ಯಾರಿಗೆ ತೆರೆದಿದೆ ಅನ್ನೋದು ಒಂದು, ಏನಾದ್ರೂ ಆದ್ರೆ ಇಳಿಯಕ್ಕೆ ಏರ್‌ಪೋರ್ಟ್‌ಗಳು ದೂರ ದೂರ ಇರೋದು ಇನ್ನೊಂದು, ಮತ್ತೆ ಚಳಿ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರೀಲಿ ಹೆಪ್ಪುಗಟ್ಟಕ್ಕೆ ಶುರುವಾಗತ್ತೆ, ಹಾಗಾಗಿ ಅಂಥ ಕಡೆ ಗಂಟೆಗಟ್ಟಲೆ ಹಾರುವಾಗ ಟ್ಯಾಂಕಿನ ಟೆಂಪರೇಚರ್ ಮೇಲೂ ಕಣ್ಣಿಟ್ಟಿರ್ಬೇಕು.

ಹೊರಟು ಐದಾರು ಗಂಟೇಲಿ ಸೂರ್ಯ ಮುಳುಗಿದ. ಊಟ ಕೊಟ್ಟು ಲೈಟ್ ಆರಿಸಿದ್ರು, ನಿದ್ದೆ ಹತ್ತೋ ಹೊತ್ತಿಗೆ ಭಾವ ಮೊಣಕೈಯಲ್ಲಿ ತಿವಿದು "ಏಳಯ್ಯಾ, ಬೆಳಗಾಯ್ತು" ಅಂದ್ರು. ನೋಡಿದ್ರೆ ನಿಜವಾಗ್ಲೂ ಬೆಳಕು. ನಾವು ಸೂರ್ಯನಿಗೆ ಎದುರಾಗಿ ಓಡ್ತಿದ್ವಲ್ಲ, ರಾತ್ರಿ ನಾಲ್ಕೈದು ಗಂಟೇಲಿ ಮುಗಿದಿತ್ತು. ಕತ್ತಲಲ್ಲೇ ದಿನಾಂಕ ರೇಖೇನೂ ದಾಟಿದ್ದರಿಂದ ಆ ಹೊಸ ಬೆಳಗು ಶುಕ್ರವಾರದ್ದಲ್ಲ, ಮತ್ತೆ ಗುರುವಾರದ್ದೇ. ಒಂದೇ ಗುರುವಾರ ಎರಡು ಸೂರ್ಯೋದಯ. ಅಲ್ಲಿಂದಾಚೆ ಅಮೆರಿಕ ಖಂಡ ಅಡ್ಡ ದಾಟೋದು, ಎಷ್ಟು ಹೊತ್ತಾದ್ರೂ ಮುಗಿಯಲ್ಲ, ಇದ್ರ ಬಗ್ಗೆ ಹೇಳೋದೇನೂ ಇಲ್ಲ, ಕಾಲು ಊದ್ಕೊಂಡಿತ್ತು, ಅಷ್ಟೇ.

ಜೆಎಫ್‌ಕೆಯಲ್ಲಿ ಇಳಿದಾಗ ಸಂಜೆ, ಇನ್ನೂ ಬೆಳಕಿತ್ತು. ಅಕ್ಕ ಹೊರಗೆ ನಿಂತಿದ್ಳು. "ಯಾವಾಗ ಹೊರಟ್ರಿ ರೀ?" ಅಂದಿದ್ದಕ್ಕೆ ಭಾವ ವಾಚ್ ತೋರಿಸಿ "ಇವತ್ತು ಮಧ್ಯಾಹ್ನಾನೇ, ಈಗ ಬಂದ್ವಿ" ಅಂದ್ರು ಗಂಭೀರವಾಗಿ. ಅವ್ರದು ಹಳೇ ಎಚ್‌ಎಂಟಿ, ಕೀಲಿ ಕೊಡೋದು, ತಾರೀಖು ತೋರಿಸಲ್ಲ. ಬೇಸಿಗೆ ಟೈಮಲ್ಲಿ ಸಿಂಗಪುರಕ್ಕೂ ನ್ಯೂಯಾರ್ಕಿಗೂ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ (ಚಳಿಗಾಲದಲ್ಲಿ ಹದಿಮೂರು), ಹಾಗಾಗಿ ಮುಳ್ಳು ಮುಟ್ಟೋ ಅಗತ್ಯಾನೇ ಬರ್ಲಿಲ್ಲ. ಅಲ್ಲಿ ಏಳು, ಇಲ್ಲೂ ಏಳು. ಟ್ರಿಪ್ ಪೂರ್ತಿ ನನ್ನ ಸ್ಮಾರ್ಟ್‌ವಾಚನ್ನ ಅವ್ರು ಕನಿಕರದಿಂದಾನೇ ನೋಡಿದ್ರು.

ಶುಕ್ರವಾರ

ರಾತ್ರಿ ಎರಡೂವರೆಗೆ ಇಬ್ರೂ ಅಡುಗೆಮನೇಲಿ. ಹೊಟ್ಟೆಗೆ ಅದು ಮಧ್ಯಾಹ್ನದ ಎರಡೂವರೆ. ನಮ್ಮ ಮೈಯೊಳಗಿನ ಗಡಿಯಾರ ದಿನಕ್ಕೆ ಹೆಚ್ಚು ಕಮ್ಮಿ ಒಂದು ಗಂಟೆಯಷ್ಟೇ ಸರಿಯತ್ತೆ, ಹನ್ನೆರಡು ಗಂಟೆ ಅಂದ್ರೆ ಅದಕ್ಕೆ ಮುಂದೆ ಹೋಗ್ಬೇಕೋ ಹಿಂದೆ ಹೋಗ್ಬೇಕೋ ಅನ್ನೋದೂ ತಿಳಿಯಲ್ಲ, ಎರಡೂ ಕಡೆಯಿಂದ ಅಷ್ಟೇ ದೂರ. ಮೊಸರನ್ನ ಕಲಸ್ಕೊಂಡು ತಿಂದ್ವಿ. ಹಗಲಲ್ಲಿ ಬಿಸಿಲಲ್ಲಿ ಓಡಾಡಿ ಅಂತ ಅಕ್ಕ ಬೈದು ಕಳಿಸಿದ್ಳು, ಪಾರ್ಕಿನ ಬೆಂಚಲ್ಲಿ ಕೂತೇ ನಿದ್ದೆ.

ಶನಿವಾರ, ಭಾನುವಾರ

ಗ್ರಾಜುಯೇಷನ್ ಚೆನ್ನಾಗಾಯ್ತು. ಅದು ಮನೆ ವಿಷ್ಯ, ಇಲ್ಲಿ ಬೇಡ.

ಭಾನುವಾರ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿಗೆ ಹೋಗಿ ಆ ನಾಲ್ಕು ಮುಖದ ಗಡಿಯಾರದ ಕೆಳಗೆ ನಿಂತಾಗ ಭಾವಂಗೆ ಹೇಳಕ್ಕೆ ನನ್ನ ಹತ್ರಾನೂ ಒಂದು ವಿಷ್ಯ ಇತ್ತು. ಈ ಟೈಮ್ ಝೋನ್ ಅನ್ನೋದನ್ನ ಅಮೆರಿಕದಲ್ಲಿ ತಂದಿದ್ದು ಸರ್ಕಾರ ಅಲ್ಲ, ರೈಲ್ವೆ ಕಂಪನಿಗಳು, 1883ರ ನವೆಂಬರ್ 18ಕ್ಕೆ. ಅಲ್ಲೀತನಕ ಊರೂರಿಗೂ ಅದರದ್ದೇ ಮಧ್ಯಾಹ್ನ, ನೆತ್ತಿ ಮೇಲೆ ಸೂರ್ಯ ಬಂದಾಗ ಹನ್ನೆರಡು. ಆ ದಿನ ಗಡಿಯಾರ ಹಿಂದಕ್ಕಿಟ್ಟ ಊರುಗಳಲ್ಲಿ ಹನ್ನೆರಡು ಎರಡು ಸಲ ಹೊಡೀತು. "ಮತ್ತೆ ನೋಡು, ನಮ್ಮದು ಎರಡು ಸೂರ್ಯೋದಯ, ಅವ್ರದ್ದು ಎರಡು ಮಧ್ಯಾಹ್ನ" ಅಂದ್ರು. ಅವತ್ತು ರಾತ್ರಿ ಐದು ಗಂಟೆ ನಿದ್ದೆ ಬಂತು, ದೊಡ್ಡ ಸಾಧನೆ.

ಸೋಮವಾರ, ಕಾಂಕಾರ್ಡ್

ಹಡ್ಸನ್ ನದಿ ದಂಡೇಲಿ ಇಂಟ್ರೆಪಿಡ್ ಮ್ಯೂಸಿಯಂ ಇದೆ, ಹಳೇ ಯುದ್ಧವಿಮಾನವಾಹಕ ಹಡಗು, ಅದರ ಪಕ್ಕದ ಕಟ್ಟೆ ಮೇಲೆ ಬ್ರಿಟಿಷ್ ಏರ್‌ವೇಸಿನ ಒಂದು ಕಾಂಕಾರ್ಡ್ ನಿಲ್ಲಿಸಿದಾರೆ. ಯಾವ್ದೋ ಒಂದಲ್ಲ. 1996ರ ಫೆಬ್ರವರಿ 7ರಂದು ಜೆಎಫ್‌ಕೆಯಿಂದ ಲಂಡನ್ ಹೀಥ್ರೋಗೆ 2 ಗಂಟೆ 52 ನಿಮಿಷ 59 ಸೆಕೆಂಡಲ್ಲಿ ಹೋಗಿ ದಾಖಲೆ ಮಾಡಿದ ಜಿ-ಬಿಒಎಡಿ ಅನ್ನೋ ಅದೇ ವಿಮಾನ. ಸುಮಾರು 5,540 ಕಿ.ಮೀ. ದೂರ, ಈಗಿನ ವಿಮಾನಗಳು ಆರು ಆರೂವರೆ ಗಂಟೆ ತಗೊಳ್ಳತ್ವೆ. ಅವತ್ತೂ ಹಿಂದಿನಿಂದ ಒಳ್ಳೇ ಗಾಳಿ ಇತ್ತು. ಶಬ್ದದ ಎರಡರಷ್ಟು ವೇಗದಲ್ಲಿ ಹೋಗೋ ವಿಮಾನಕ್ಕೂ ದಾಖಲೆ ಮಾಡಕ್ಕೆ ಗಾಳಿಯ ಸಹಾಯ ಬೇಕಾಯ್ತಲ್ಲ ಅಂತ ಭಾವ ತುಂಬಾ ಹೊತ್ತು ಅದರ ಸುತ್ತ ನಡೆದ್ರು.

ಒಳಗೆ ಹೋದ್ರೆ ಎಷ್ಟು ಇಕ್ಕಟ್ಟು ಅಂತೀರಾ, ಕಿಟಕಿ ಅಂಗೈ ಅಗಲ. ಲಂಡನ್ನಿಂದ ಈ ಕಡೆ ಬರೋವಾಗ ಮೂರೂವರೆ ಗಂಟೆ ಹಾರಾಟ, ಐದು ಗಂಟೆ ಟೈಮ್ ವ್ಯತ್ಯಾಸ, ಹಾಗಾಗಿ ಹತ್ತೂವರೆಗೆ ಹೊರಟೋರು ಇಲ್ಲಿಯ ಗಡಿಯಾರದಲ್ಲಿ ಒಂಬತ್ತಕ್ಕೇ ಇಳೀತಿದ್ರು. ಆದ್ರೆ ಸಿಂಗಪುರಕ್ಕೆ ಇದ್ರಲ್ಲಿ ಒಂದೇ ಏಟಿಗೆ ಹೋಗಕ್ಕಾಗ್ತಿರ್ಲಿಲ್ಲ, ಒಂದು ಸಲ ಟ್ಯಾಂಕ್ ತುಂಬಿಸಿದ್ರೆ ಏಳು ಸಾವಿರ ಕಿಲೋಮೀಟರಿನ ಆಸುಪಾಸು ಅಷ್ಟೇ. ನಮ್ಮ ದೂರದ ಅರ್ಧಕ್ಕೂ ಸಾಲ್ದು. ವೇಗ ಬೇಕು ಅಂದ್ರೆ ದೂರ ಬಿಡ್ಬೇಕು. ಗೆದ್ದಿದ್ದು ನಿಧಾನ ಹೋಗೋ, ಕಮ್ಮಿ ಕುಡಿಯೋ ವಿಮಾನಗಳು.

ಮಂಗಳವಾರ ರಾತ್ರಿಯಿಂದ

ವಾಪಸ್ ಫ್ಲೈಟು ರಾತ್ರಿ ಹತ್ತೂವರೆಗೆ. ಟಿಕೆಟಲ್ಲಿ ಗುರುವಾರ ಬೆಳಗಿನ ಜಾವ ತಲುಪೋದು ಅಂತಿದೆ. ಅಕ್ಕ ಅದನ್ನ ನೋಡಿ "ಎರಡು ದಿನ ವಿಮಾನದಲ್ಲೇ ಇರ್ತೀರೇನೋ?" ಅಂತ ಗಾಬರಿಯಾದ್ಳು. ಅಲ್ಲ ಕಣೇ, ಹದಿನೆಂಟು ಮುಕ್ಕಾಲು ಗಂಟೇನೇ, ಹೋಗ್ತಾ ಸಿಕ್ಕಿದ ಹನ್ನೆರಡು ಗಂಟೇನ ಈಗ ವಾಪಸ್ ಕಿತ್ಕೊಳ್ತಾರೆ ಅಷ್ಟೇ ಅಂದೆ.

ಟಿಕೆಟಲ್ಲಿರೋ ಆ ಟೈಮು ಗಾಳೀಲಿ ಇರೋ ಟೈಮಲ್ಲ ಅನ್ನೋದು ಇನ್ನೊಂದು ವಿಷ್ಯ. ಬ್ಲಾಕ್ ಟೈಮ್ ಅಂತಾರೆ, ಇಲ್ಲಿ ಗೇಟ್ ಬಿಟ್ಟಾಗಿನಿಂದ ಅಲ್ಲಿ ಗೇಟಿಗೆ ನಿಂತ್ಕೊಳ್ಳೋ ತನಕ. ಜೆಎಫ್‌ಕೆಯಲ್ಲಿ ರಾತ್ರಿ ಹೊರಡೋ ವಿಮಾನಗಳ ಸಾಲು ಎಷ್ಟಿತ್ತು ಅಂದ್ರೆ ಚಕ್ರ ಉರುಳ್ತಾ ಉರುಳ್ತಾನೇ ಅರ್ಧ ಗಂಟೆ ಆಯ್ತು, ಆದ್ರೂ ಸಿಂಗಪುರಕ್ಕೆ ಟೈಮಿಗೆ ಸರಿಯಾಗೇ ಬಂದ್ವಿ, ಯಾಕಂದ್ರೆ ಈ ಸಾಲಿಗೆ ಅಂತ ಮೊದಲೇ ಒಂದಿಷ್ಟು ನಿಮಿಷ ಸೇರಿಸಿಟ್ಟಿರ್ತಾರೆ.

ಮೇಲೆದ್ದ ತಕ್ಷಣ ಭಾವ ಮ್ಯಾಪ್ ಹಾಕಿದ್ರು. ಈ ಸಲಾನಾದ್ರೂ ಧ್ರುವ ಸಿಗತ್ತೇನೋ ಅಂತ. ವಿಮಾನ ಮತ್ತೆ ಪೂರ್ವಕ್ಕೆ! ಬಂದ ದಾರಿಗೆ ವಾಪಸ್ ತಿರುಗದೆ, ಮುಂದಕ್ಕೇ, ಅಟ್ಲಾಂಟಿಕ್ ಮೇಲೆ. ಯಾಕೆ ಅಂತ ಈಗ ಕೇಳ್ಬೇಕಾಗಿರ್ಲಿಲ್ಲ. ಎರಡು ಊರೂ ಎದುರುಬದುರು ಇರೋದ್ರಿಂದ ಹೋಗೋವಾಗ್ಲೂ ಬರೋವಾಗ್ಲೂ ಪೂರ್ವದ ಗಾಡಿ ಹತ್ತಬಹುದು, ಎರಡೂ ಸಲ ಗಾಳಿ ಬೆನ್ನಿಗೆ. ಬೇರೆ ಜೋಡಿ ಊರುಗಳಿಗೆ ಈ ಅದೃಷ್ಟ ಇರಲ್ಲ, ಒಂದು ಕಡೆ ಗಾಳಿ ಸಿಕ್ಕಿದ್ರೆ ಇನ್ನೊಂದು ಕಡೆ ದಂಡ ಕಟ್ಬೇಕು, ಲಂಡನ್ ನ್ಯೂಯಾರ್ಕ್ ಥರ.

ಬುಧವಾರ, ಇದ್ದೂ ಇಲ್ಲದ್ದು

ಯುರೋಪಿನ ಮೇಲೆ ಹಗಲು, ಕ್ಯಾಸ್ಪಿಯನ್ ಸಮುದ್ರ ಕೆಳಗೆ ತವರದ ತಗಡಿನ ಬಣ್ಣಕ್ಕಿತ್ತು, ಇಂಡಿಯಾ ಬರೋ ಹೊತ್ತಿಗೆ ಕತ್ತಲು. ಎಂಟು ಗಂಟೆ ಬಿಸಿಲು ಕಂಡಿದ್ರೆ ಹೆಚ್ಚು. ನಮ್ಮ ದೇಶದ ಮೇಲೇ ಹಾದು ಬಂಗಾಳ ಕೊಲ್ಲಿಗೆ ಇಳಿಯೋವಾಗ ಕೆಳಗೆ ದೀಪಗಳು, ಯಾವೂರು ಅಂತ ಭಾವ ಮ್ಯಾಪ್ ನೋಡಿ ಗುರುತು ಹಿಡೀತಾ ಇದ್ರು, ನಾನು ಸಿನಿಮಾ ನೋಡ್ತಿದ್ದೆ. ಬುಧವಾರ ನೆಲಕ್ಕೆ ಕಾಲೇ ಇಡದೆ ಮುಗೀತು.

ಅವಾಗ ಅವ್ರಿಗೆ ಹೊಳೀತು. "ಅಲ್ಲಯ್ಯಾ, ಪೂರ್ವಕ್ಕೆ ಹೋದ್ವಿ, ಪೂರ್ವಕ್ಕೇ ಹೋಗ್ತಾ ವಾಪಸ್ ಬಂದ್ವಿ. ಭೂಮಿ ಒಂದು ಸುತ್ತು ಹಾಕಿದ್ವಲ್ಲ!" ಹೌದು ಮತ್ತೆ. ಮೆಗಲನ್‌ನ ಹಡಗಿನಲ್ಲಿ ಬದುಕಿ ಉಳಿದೋರು 1522ರಲ್ಲಿ ಕೇಪ್ ವರ್ಡ್ ದ್ವೀಪದಲ್ಲಿ ಇಳಿದಾಗ ತಮ್ಮ ಲೆಕ್ಕದಲ್ಲಿ ಬುಧವಾರ, ದಡದೋರ ಲೆಕ್ಕದಲ್ಲಿ ಗುರುವಾರ, ಅಂತ ತಲೆ ಕೆಡಿಸ್ಕೊಂಡಿದ್ರು. ಅವ್ರು ಪಶ್ಚಿಮಕ್ಕೆ ಸುತ್ತಿದ್ದು, ಒಂದು ದಿನ ಕಮ್ಮಿ ಬಿತ್ತು. ನಮಗೆ ದಿನಾಂಕ ರೇಖೆ ಅಂತ ಒಂದು ವ್ಯವಸ್ಥೆ ಇರೋದ್ರಿಂದ ಲೆಕ್ಕ ಸರಿಹೋಯ್ತು, ಹೋಗ್ತಾ ಹನ್ನೆರಡು ಬಂತು, ಬರ್ತಾ ಹನ್ನೆರಡು ಹೋಯ್ತು.

ಗುರುವಾರ, ಚಾಂಗಿ

ಬೆಳಗಿನ ಜಾವ ಐದು ಚಿಲ್ಲರೆ, ಇಮಿಗ್ರೇಷನ್ ಮುಗಿಸಿ ಬ್ಯಾಗಿಗೆ ಕಾಯ್ತಾ ನಿಂತಿದ್ವಿ. ಭೂಪ್ರದಕ್ಷಿಣೆ ಅಂತ ಊರಲ್ಲೆಲ್ಲ ಹೇಳ್ಕೊಳ್ಳೋ ಮೊದಲು ನಿಯಮ ಏನಿದೆ ನೋಡೋಣ ಅಂತ ಹುಡುಕಿದ್ವಿ. ಎಫ್‌ಎಐ ಅಂತ ಅಂತಾರಾಷ್ಟ್ರೀಯ ಸಂಸ್ಥೆ, ವಿಮಾನದ ದಾಖಲೆಗಳನ್ನೆಲ್ಲ ಒಪ್ಪೋದು ಅವ್ರೇ. ಅವ್ರ ಪ್ರಕಾರ ಎಲ್ಲಾ ರೇಖಾಂಶ ದಾಟಿ ಹೊರಟಲ್ಲಿಗೇ ಬರ್ಬೇಕು, ಅದಾಯ್ತು, ಆದ್ರೆ ಒಟ್ಟು ದೂರ ಕರ್ಕಾಟಕ ಸಂಕ್ರಾಂತಿ ವೃತ್ತದ ಉದ್ದಕ್ಕಿಂತ ಕಮ್ಮಿ ಇರಬಾರದು, ಅಂದ್ರೆ 36,787.559 ಕಿ.ಮೀ. ನಮ್ಮದು ಎರಡೂ ಕಡೆ ಸೇರಿಸಿದ್ರೆ 32,000 ಚಿಲ್ಲರೆ.

"ನಾಲ್ಕು ಸಾವಿರ ಕಮ್ಮಿ ಬಿತ್ತಲ್ಲಯ್ಯಾ" ಅಂತ ಭಾವ ನಿಜವಾಗ್ಲೂ ನೊಂದ್ಕೊಂಡ್ರು. ಎರಡು ನಿಮಿಷ ಮಾತಿಲ್ಲ. ಆಮೇಲೆ ಬೋರ್ಡಿಂಗ್ ಪಾಸಿನ ಹಿಂದೆ ಬರೀತಾ ಶುರು ಮಾಡಿದ್ರು, ಸಿಂಗಪುರದಿಂದ ಆಕ್ಲೆಂಡಿಗೆ 8,400, ಆಕ್ಲೆಂಡಿಂದ ನ್ಯೂಯಾರ್ಕಿಗೆ 14,200, 2022ರಿಂದ ಅಲ್ಲಿಗೂ ನಾನ್‌ಸ್ಟಾಪ್ ಇದೆ, ಅಲ್ಲಿಂದ ಹೀಗೇ ಅಟ್ಲಾಂಟಿಕ್ ಮೇಲೆ ವಾಪಸ್ ಬಂದ್ರೆ 38,000 ದಾಟತ್ತೆ, ಮಗಳು ಹೇಗೂ ಇನ್ನೆರಡು ವರ್ಷ ಅಲ್ಲೇ ಇರ್ತಾಳಲ್ಲ.

"ಭಾವ, ಮೊದಲು ಬ್ಯಾಗ್ ಎತ್ಕೊಳ್ಳಿ" ಅಂದೆ, "ನಿಮ್ಮದು ಆಗ್ಲೇ ಬೆಲ್ಟ್ ಮೇಲೆ ಎರಡನೇ ಸುತ್ತು ಹೋಗ್ತಿದೆ."